ಶ್ರೀರಂಗಪಟ್ಟಣದ ಸೀಮೆಯಲ್ಲಿ ಕೃಷಿ, ಕೈಗಾರಿಕೆ, ಸೇವಾವೃತ್ತಿಗಳು

ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಯೋಲೆಯ ಪ್ರತಿಯನ್ನಾಧರಿಸಿ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಪಡಿಸಿದ ಕೌಟಲ್ಯನ ಅರ್ಥಶಾಸ್ತ್ರದಲ್ಲಿ ‘ವಾರ್ತೆ’ಯೆಂಬ ವಿದ್ಯೆಯ ಲಕ್ಷಣವು ನಿರೂಪಿತವಾಗಿದೆ. ಬೇಸಾಯ, ಪಶುಪಾಲನೆ, ವಾಣಿಜ್ಯ ಇವು ಮೂರೂ ಕೂಡಿ ವಾರ್ತೆಯೆನಿಸುತ್ತವೆ. ಕಮ್ಮಾರ, ನೇಕಾರ, ಕಂಚುಗಾರರ ಕೆಲಸಕ್ಕೆ ಈ ಮೂರರಲ್ಲಿ ಸ್ಥಾನವಿಲ್ಲ. ಕುಶಲಕರ್ಮವನ್ನು ಆ ಗ್ರಂಥವು ಆಡುವ ಹಾಡುವವರ ವೃತ್ತಿಯೊಡನೆ ಜೋಡಿಸಿ ಬೇರೆಯಾಗಿ ಎಣಿಸಿದೆ. ಆಧುನಿಕ ಅರ್ಥಶಾಸ್ತ್ರಜ್ಞರ ವಿಭಾಗಕ್ರಮವು ಇದಕ್ಕಿಂತ ಭಿನ್ನವಾದುದು. ನೆಲ, ನೀರು, ಕಾಡು, ಗಣಿಗಳಿಂದ ಪದಾರ್ಥವನ್ನು ನೇರವಾಗಿ ಪಡೆಯುವ ಕೆಲಸಗಳೆಲ್ಲ ಅವರ ಮತದಲ್ಲಿ ಪ್ರಾಥಮಿಕ ವಿಭಾಗ; ಹಾಗೆ ಪಡೆದುದನ್ನು ರೂಪಾಂತರಗೊಳಿಸಿ ಸರಕನ್ನಾಗಿ ಮಾಡುವುದು ದ್ವಿತೀಯಕ; ಸಾಗಿಸುವುದು, ಮಾರುವುದು, ಕಲಿಸುವುದು, ಚಿಕಿತ್ಸೆ ಮಾಡುವುದು, ಆಳುವುದು, ಕಾಯುವುದು ಮೊದಲಾದುವು ತೃತೀಯಕ. ಈ ಮೂರರ ಹೆಸರನ್ನು ೧೯೩೫ರಲ್ಲಿ ಫಿಷರನೂ, ೧೯೪೦ರಲ್ಲಿ ಕಾಲಿನ್ ಕ್ಲಾರ್ಕನೂ ಪ್ರಚಾರಕ್ಕೆ ತಂದರು. ಬೇಸಾಯಕ್ಕಿಂತ ಕೈಗಾರಿಕೆಯಲ್ಲಿಯೂ, ಕೈಗಾರಿಕೆಗಿಂತ ವ್ಯಾಪಾರದಲ್ಲಿಯೂ ಗಳಿಕೆ ಹೆಚ್ಚೆಂಬ ಅಭಿಪ್ರಾಯವನ್ನು ಇಂಗ್ಲೆಂಡಿನ ವಿಲಿಯಂ ಪೆಟ್ಟಿಯು ಹದಿನೇಳನೆಯ ಶತಮಾನದಲ್ಲಿಯೇ ಸೂಚಿಸಿದ್ದನು. ಏಳಿಗೆ ಹೊಂದುವ ದೇಶದಲ್ಲಿ ಜನರು ಮೊದಲನೆಯ ವಿಭಾಗದಿಂದ ಎರಡನೆಯದಕ್ಕೂ, ಅದರಿಂದ ಮೂರನೆಯದಕ್ಕೂ ಏರುತ್ತ ಹೋಗುವರೆಂಬುದು ಈ ಮತದ ಸಾರ.

ಮೂರು ಮೆಟ್ಟಿಲುಗಳ ಈ ಏಣಿಯನ್ನು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಚರಿತ್ರೆಗೆ ಒರಗಿಸಿ ನೋಡಿದರೆ ಅದು ಸರಿಯಾಗಿ ನಿಲ್ಲುವುದಿಲ್ಲ. ಇಲ್ಲಿ ತೃತೀಯಕದ ತುದಿಯಲ್ಲಿದ್ದ ಪಟ್ಟಣವೊಂದು ಒಂದೇ ದಿನದಲ್ಲಿ ಕೆಳಕ್ಕೆ ಜಾರಿತು. ಮಳೆಯನ್ನೇ ನಂಬಿದ ಬೆದ್ದಲುಸೀಮೆಯಲ್ಲಿ ಕೈಗಾರಿಕೆಯೊಂದು ಶತಮಾನಗಳ ಕಾಲ ಬಾಳಿತು. ನೀರು ಬಂದ ಬಳಿಕ ಬೇಸಾಯವೇ ಕಾರ್ಖಾನೆಯನ್ನು ತನ್ನ ಬಳಿಗೆ ಎಳೆದು ತಂದಿತು. ವಿಭಾಗಗಳ ನಡುವಣ ಭೇದವು ಮೇಲುಕೀಳಿನದಲ್ಲ. ಯಾವುದು ಯಾವುದನ್ನು ಆಶ್ರಯಿಸಿದೆ, ಆಶ್ರಯವು ತಪ್ಪಿದಾಗ ಯಾವುದು ಉಳಿಯುತ್ತದೆ ಎಂಬುದರಲ್ಲಿ ಆ ಭೇದವು ಕಂಡುಬರುತ್ತದೆ.

ನಾಲ್ಕು ತಾಲ್ಲೂಕುಗಳೂ ೧೯೩೯ರವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದು, ಆ ವರ್ಷ ಹೊಸದಾಗಿ ಏರ್ಪಟ್ಟ ಮಂಡ್ಯ ಜಿಲ್ಲೆಗೆ ಸೇರಿದುವು. ಕೃಷ್ಣರಾಜಪೇಟೆಗೆ ೧೮೯೧ರವರೆಗೆ ಅತ್ತಿಕುಪ್ಪೆಯೆಂದು ಹೆಸರು. ಪಾಂಡವಪುರವು ಹಿರೋಡೆ, ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರ ದಂಡು ಅಲ್ಲಿ ಬೀಡುಬಿಟ್ಟಿದ್ದುದರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಹುಕಾಲ ಬಳಕೆಯಲ್ಲಿತ್ತು. ಶ್ರೀರಂಗಪಟ್ಟಣಕ್ಕೆ ಕಾವೇರಿ, ಕೃಷ್ಣರಾಜಪೇಟೆಗೆ ಹೇಮಾವತಿ. ನಾಗಮಂಗಲಕ್ಕೆ ಅಂಥ ಹೊಳೆಯಿಲ್ಲ, ಮಳೆ ಮತ್ತು ಕೆರೆಗಳೇ ಗತಿ. ಭೂಮಿಯ ಈ ಏರಿಳಿತವನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲದೆ ಮುಂದಿನ ಸಂಗತಿಗಳು ವಿಶದವಾಗಲಾರವು.

ಅರ್ಥಶಾಸ್ತ್ರಜ್ಞರಿಗಿಂತ ಬಹು ಮೊದಲೇ ಈ ವಿಭಾಗಗಳನ್ನು ಗುರುತಿಸಿದವರು ತೆರಿಗೆಯ ಲೆಕ್ಕ ಬರೆಯುವ ಕರಣಿಕರು. ಹೊಯ್ಸಳ, ವಿಜಯನಗರ ಕಾಲಗಳ ಕನ್ನಡ ಶಾಸನಗಳಲ್ಲಿ ಭೂಮಿಗೆ ಸಿದ್ಧಾಯ, ಮಗ್ಗಕ್ಕೆ ಮಗ್ಗದೆರೆ, ಗಾಣಕ್ಕೆ ಗಾಣದೆರೆ, ದಾರಿಯಲ್ಲಿ ಸಾಗುವ ಹೇರುಗಳಿಗೆ ಸುಂಕ ಎಂದು ಬೇರೆ ಬೇರೆ ಹೆಸರುಗಳು ಬರುವುದನ್ನು ಶಾಸನಾಭ್ಯಾಸಿಗಳೆಲ್ಲರೂ ಬಲ್ಲರು. ರೈಸರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಮೂರು ಮತ್ತು ನಾಲ್ಕನೆಯ ಸಂಪುಟಗಳು ಈ ಸೀಮೆಯ ಶಾಸನಗಳಿಗೆ ಮೀಸಲಾದುವು. ತೆರಿಗೆಯ ಹೆಸರುಗಳಲ್ಲಿ ಒಂದು ತಾರತಮ್ಯವು ಅಡಗಿದೆ. ಹೊಲಕ್ಕೆ ಎಲ್ಲೆಯುಂಟು, ಆದುದರಿಂದ ಅಳತೆಯ ಮೇಲೆ ತೆರಿಗೆ. ಮಗ್ಗಕ್ಕೆ ಎಲ್ಲೆಯಿಲ್ಲ, ಆದುದರಿಂದ ಉಪಕರಣವನ್ನೆಣಿಸಿ ತೆರಿಗೆ. ವರ್ತಕನಿಗೆ ಎರಡೂ ಇಲ್ಲ, ಆದುದರಿಂದ ಅವನು ಸುಂಕದ ಕಟ್ಟೆಯನ್ನು ದಾಟುವಾಗ ತಡೆದು ವಸೂಲಿ. ಭೂಮಿಯು ಓಡಿಹೋಗದು, ಮಗ್ಗವನ್ನು ಬಿಚ್ಚಿ ಹೊತ್ತುಕೊಂಡು ಹೋಗಬಹುದು, ಹಣವು ರಾತ್ರೋರಾತ್ರಿ ಸೀಮೆಯನ್ನು ದಾಟಬಹುದು ಎಂಬ ಅನುಭವವೇ ಈ ಕ್ರಮಕ್ಕೆ ಮೂಲವಾಗಿರಬೇಕು. ಮೂರು ವಿಭಾಗಗಳ ಭೇದವನ್ನು ಇದಕ್ಕಿಂತ ಸುಲಭವಾಗಿ ತಿಳಿಸುವ ಲಕ್ಷಣವು ದುರ್ಲಭ.

ಆದರೆ ಗ್ರಾಮದೊಳಗೆ ಈ ವಿಭಾಗಗಳು ಪ್ರತ್ಯೇಕವಾಗಿರಲಿಲ್ಲ. ಹಳೆಯ ಮೈಸೂರು ಸೀಮೆಯ ಗ್ರಾಮಗಳಲ್ಲಿ ಆಯಗಾರರೆಂಬ ವೃತ್ತಿವಂತರಿದ್ದರು. ಹನ್ನೆರಡು ಮಂದಿಯೆಂದು ಎಣಿಸುವ ರೂಢಿ. ಗೌಡ, ಶಾನುಭೋಗ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ತೋಟಿ, ತಳವಾರ, ನೀರುಗಂಟಿ ಮೊದಲಾದವರಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯವು ಸಲ್ಲುತ್ತಿತ್ತು. ಕೆಲವರಿಗೆ ಇನಾಮು ಭೂಮಿಯೂ ಇತ್ತು. ಇವರಲ್ಲಿ ಕಮ್ಮಾರನು ದ್ವಿತೀಯಕ ವಿಭಾಗದವನು, ಶಾನುಭೋಗನು ತೃತೀಯಕದವನು. ಇಬ್ಬರ ಕೂಲಿಯೂ ಒಂದೇ ರಾಶಿಯಿಂದ ಬರುತ್ತಿದ್ದುದರಿಂದ, ಮಳೆ ಹೋದ ವರ್ಷ ಒಕ್ಕಲಿನೊಡನೆ ಇವರೂ ಹಸಿಯುತ್ತಿದ್ದರು. ಪೇಟೆಯ ಕುಶಲಕರ್ಮಿಗೂ ಗ್ರಾಮದ ಆಯಗಾರನಿಗೂ ಕೆಲಸವೊಂದೇ ಆದರೂ, ಆಶ್ರಯವು ಬೇರೆ.

ಇವರೊಳಗೆ ನೀರುಗಂಟಿಯ ವಿಷಯದಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಅವನು ಉಳುವವನಲ್ಲ, ಬಿತ್ತುವವನಲ್ಲ, ಏನನ್ನೂ ತಯಾರಿಸುವವನೂ ಅಲ್ಲ. ಕೆರೆಯ ತೂಬನ್ನು ಎತ್ತುವುದು, ಇಳಿಸುವುದು, ಮೇಲ್ಗದ್ದೆಗೂ ತಳಗದ್ದೆಗೂ ನ್ಯಾಯವಾಗಿ ನೀರನ್ನು ಹಂಚುವುದು, ರಾತ್ರಿಯಲ್ಲಿ ಯಾರಾದರೂ ಬದುವನ್ನು ಕಡಿದರೆ ಕಂಡುಹಿಡಿಯುವುದು ಇಷ್ಟೇ ಅವನ ಕೆಲಸ. ಇಂದಿನ ಲೆಕ್ಕದಲ್ಲಿ ಅವನದು ಸೇವಾವೃತ್ತಿ, ಎಂದರೆ ಕಡೆಯ ಮೆಟ್ಟಿಲು. ಆದರೆ ಅವನು ಒಂದು ವಾರ ಮಲಗಿದರೆ ಮೊದಲನೆಯ ಮೆಟ್ಟಿಲಿನಲ್ಲಿ ಬತ್ತದ ಪೈರು ಒಣಗುತ್ತಿತ್ತು. ನಾಗಮಂಗಲದಂತಹ ಕೆರೆಯಾಶ್ರಯದ ಸೀಮೆಯಲ್ಲಿ ಸೇವೆಯು ಕೃಷಿಯ ಫಲವಾಗಿ ಕಾಲಾಂತರದಲ್ಲಿ ಹುಟ್ಟಿದುದಲ್ಲ. ಕೃಷಿಗೆ ಪೂರ್ವಭಾವಿಯಾಗಿಯೇ ಇದ್ದುದು. ಏಣಿಯ ಉಪಮಾನವು ಮೊದಲು ಸಡಿಲುವುದು ಇಲ್ಲಿಯೇ.

ಕಾಲುವೆಗಳ ಸೀಮೆಯಲ್ಲಿ ಇದೇ ಕಾರ್ಯವನ್ನು ರಾಜ್ಯವು ವಹಿಸಿಕೊಂಡಿತು. ಕ್ರಿ. ಶ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಅದು ಮೈಸೂರಿನ ರಾಜಧಾನಿಯಾಯಿತು. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಬಂಗಾರದೊಡ್ಡಿ ನಾಲೆಯು ಹೊಳೆಯ ಕವಲೊಂದರ ಮೇಲೆ ಕಟ್ಟಿದ ಮೇಲ್ಗಾಲುವೆಯ ಮೂಲಕ ದ್ವೀಪಕ್ಕೆ ಬಂದಿತು. ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಕಾವೇರಿಗೆ ಕಟ್ಟೆಗಳನ್ನು ಹಾಕಿಸಿ ಎರಡು ದಡಗಳಲ್ಲಿಯೂ ನಾಲೆಗಳನ್ನು ತೋಡಿಸಿದರು; ಹದಿನೆಂಟು ಇಲಾಖೆಗಳ ಅಠಾರಾ ಕಚೇರಿಯನ್ನೂ ಅವರೇ ಏರ್ಪಡಿಸಿದರು. ಒಬ್ಬ ದೊರೆಯ ಆಳಿಕೆಯಲ್ಲಿಯೇ ನಾಲೆಯೂ ಕಚೇರಿಯೂ ಬೆಳೆದುದು ಆಕಸ್ಮಿಕವಲ್ಲ. ಕಚೇರಿಯ ಸಂಬಳಕ್ಕೆ ನಾಲೆಯ ಕೆಳಗಣ ಬತ್ತವೇ ಆಧಾರ.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಈ ರಾಜಧಾನಿಯು ಉಚ್ಛ್ರಾಯ ಸ್ಥಿತಿಯನ್ನು ಮುಟ್ಟಿತು. ಸೈನ್ಯ, ಟಂಕಸಾಲೆ, ಫಿರಂಗಿಗಳ ಎರಕದ ಕಾರ್ಖಾನೆ, ಅರಮನೆಯ ಊಳಿಗ, ಮಸ್ಕತ್ತಿನವರೆಗೂ ಕೋಠಿಗಳನ್ನಿಟ್ಟು ಗಂಧ ಮೆಣಸುಗಳನ್ನು ಮಾರುತ್ತಿದ್ದ ಸರ್ಕಾರಿ ವ್ಯಾಪಾರ ಎಲ್ಲಕ್ಕೂ ದ್ವೀಪವೇ ನೆಲೆ. ಟಿಪ್ಪು ಸುಲ್ತಾನನು ರೇಷ್ಮೆಹುಳುಗಳನ್ನು ಬಂಗಾಳದಿಂದ ತರಿಸಲು ಯತ್ನಿಸಿದುದು ಅವನ ಪತ್ರಗಳಿಂದ ವಿದಿತವಾಗುತ್ತದೆ. ದ್ವೀಪದ ಪೂರ್ವಭಾಗದಲ್ಲಿ ಶಹರ್ ಗಂಜಾಂ ಎಂಬ ಪೇಟೆಯನ್ನು ತುಂಬಿಸುವುದಕ್ಕಾಗಿ ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಸಾಗಿಸಿ ತಂದನೆಂದು ರೈಸರ ಗೆಜೆಟಿಯರು ಹೇಳುತ್ತದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಬಹುದು. ಸಂಗತಿಯ ಅರ್ಥವು ಮಾತ್ರ ಸ್ಪಷ್ಟ. ಪೇಟೆಯ ಜನರನ್ನು, ಅವರ ಕೈಯ ಕಸುಬನ್ನೂ ಕೂಡಿಸಿಕೊಂಡು, ಅರಸನು ಎತ್ತಿ ಬೇರೆಡೆ ಇಡಬಹುದಾಗಿತ್ತು. ಶಿರಾದ ಕೆರೆಯನ್ನಾಗಲಿ ಗದ್ದೆಯನ್ನಾಗಲಿ ಹಾಗೆ ತರಲಾಗುತ್ತಿರಲಿಲ್ಲ. ಎತ್ತಿ ತರಲ್ಪಟ್ಟವರ ಇಚ್ಛೆಯನ್ನು ಯಾರೂ ಕೇಳಿರಲಾರರು.

೧೭೯೯ನೆಯ ಇಸವಿ ಮೇ ತಿಂಗಳ ನಾಲ್ಕನೆಯ ತಾರೀಖು ಕೋಟೆಯು ಬಿದ್ದಿತು. ರಾಜಧಾನಿಯು ಮೈಸೂರಿಗೆ ಹೋಯಿತು. ಮರುವರ್ಷದ ಮೇ ತಿಂಗಳಲ್ಲಿ ಕಂಪನಿಯವರ ಆಜ್ಞೆಯಂತೆ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನನು ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆಯು ಒಂದೂವರೆ ಲಕ್ಷಕ್ಕೆ ಕಡಮೆಯಿರಲಿಲ್ಲವೆಂದು ಅಂದಾಜುಮಾಡಿದನು. ಅವನು ನೋಡುವ ವೇಳೆಗೆ ಉಳಿದಿದ್ದವರು ಸುಮಾರು ೩೨ ಸಾವಿರ. ಕಂಪನಿಯ ದಂಡು ಸ್ವಲ್ಪ ಕಾಲ ಪೇಟೆಗೆ ಗಿರಾಕಿಯಾಗಿದ್ದಿತು. ಜ್ವರದ ಬಾಧೆಯಿಂದ ೧೮೧೧ರ ಸುಮಾರಿಗೆ ಅದೂ ಬೆಂಗಳೂರಿಗೆ ಹೊರಟುಹೋಯಿತು. ದಿವಾನ್ ಪೂರ್ಣಯ್ಯನವರು ಮಾತ್ರ ಕಡೆಯ ದಿನಗಳನ್ನು ಇಲ್ಲಿಯೇ ಕಳೆದು ೧೮೧೨ರಲ್ಲಿ ತೀರಿಕೊಂಡರು. ೧೯೦೧ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆಯು ಹತ್ತು ಸಾವಿರಕ್ಕಿಂತ ಕೆಳಗೆ ಬಂದಿದ್ದಿತು. ದ್ವೀಪವು ಮಾತ್ರ ಕಂಪನಿಯ ಸ್ವತ್ತಾಗಿಯೇ ನಿಂತು, ಮೈಸೂರು ಸರ್ಕಾರವು ವರ್ಷಕ್ಕೆ ೫೦,೦೦೦ ರೂಪಾಯಿ ಗುತ್ತಿಗೆ ಕೊಟ್ಟು ಅನುಭವಿಸುತ್ತಿದ್ದು, ೧೮೮೧ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ಪ್ರತಿಯಾಗಿ ಹಿಂದಕ್ಕೆ ಬಂದಿತು.

ಈ ಪತನವು ಮೂರು ವಿಭಾಗಗಳಿಗೂ ಒಂದೇ ಸಮನಾಗಿ ತಗಲಲಿಲ್ಲವೆಂಬುದೇ ಮುಖ್ಯ ವಿಷಯ. ಮೊದಲು ಹೋದುದು ಸೇವಾವೃತ್ತಿ: ಸಿಪಾಯಿ, ಮುನ್ಷಿ, ಊಳಿಗದವರು ಸಂಬಳ ಕೊಡುವ ಕೈಯನ್ನು ಹುಡುಕಿಕೊಂಡು ಹೊರಟರು. ಅದರ ಹಿಂದೆಯೇ ಕೈಗಾರಿಕೆ: ಫಿರಂಗಿ ಎರೆಯುವವನಿಗೂ, ಅರಮನೆಯ ಬಟ್ಟೆ ನೇಯುವವನಿಗೂ ಕೊಳ್ಳುವವನೇ ಇಲ್ಲವಾದನು. ನಾಲೆಗಳು ಮಾತ್ರ ಹರಿಯುತ್ತಲೇ ಇದ್ದುವು. ಯುದ್ಧದಿಂದ ಕೆಟ್ಟ ಕಟ್ಟೆಗಳನ್ನು ಸರಿಪಡಿಸಿದೊಡನೆ ಗದ್ದೆಗಳು ಮರಳಿ ಹಸುರಾದುವು. ಅರಮನೆಗಳ ನೆಲದ ಮೇಲೆಯೇ ಬೇಸಾಯವು ಹಬ್ಬಿತು. ಏಣಿಯ ಮೇಲಿನ ಮೆಟ್ಟಿಲೇ ಭದ್ರವಾದುದೆಂದು ನಂಬುವವರು ಗಂಜಾಮಿನ ಚರಿತ್ರೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಆದರೆ ಭೂಮಿಯೇ ಶಾಶ್ವತ, ಉಳಿದುದೆಲ್ಲ ಚಂಚಲ ಎಂದು ತೀರ್ಮಾನಿಸುವುದೂ ಸಲ್ಲದು. ಇದಕ್ಕೆ ಕನ್ನಂಬಾಡಿಯೇ ಸಾಕ್ಷಿ. ೧೯೧೧ರಲ್ಲಿ ಪ್ರಾರಂಭವಾಗಿ ಇಪ್ಪತ್ತು ವರ್ಷ ನಡೆದ ಕೃಷ್ಣರಾಜಸಾಗರದ ಕಟ್ಟೆಯ ಹಿಂದೆ ಹಲವು ಗ್ರಾಮಗಳು ಮುಳುಗಿದುವು. ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ದೇವಾಲಯವನ್ನು ಈ ಶತಮಾನದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯ ದಡದಲ್ಲಿ ಮರಳಿ ಕಟ್ಟಿದ್ದಾರೆ. ಮುಳುಗಿದ ಹೊಲಗಳನ್ನು ಹಾಗೆ ಕಟ್ಟುವ ಶಿಲ್ಪಿಯಿಲ್ಲ. ಮಗ್ಗದವನು ಊರು ಬಿಟ್ಟರೆ ಕಸುಬು ಅವನೊಡನೆ ಹೋಗುತ್ತದೆ. ಒಕ್ಕಲಿಗನು ಊರು ಬಿಟ್ಟರೆ ಆ ನೆಲದ ಗುಣವನ್ನು ಕುರಿತು ತಲೆಮಾರುಗಳಿಂದ ಕೂಡಿಬಂದ ಅವನ ತಿಳಿವಳಿಕೆಯೂ ನೀರಿನಡಿಯಲ್ಲಿಯೇ ಉಳಿಯುತ್ತದೆ.

ನಾಗಮಂಗಲದ ಸ್ಥಿತಿಯು ಶ್ರೀರಂಗಪಟ್ಟಣಕ್ಕೆ ವಿಪರ್ಯಾಸವಾದುದು. ೧೭೯೨ರ ಯುದ್ಧಕಾಲದಲ್ಲಿ ಮರಾಠರ ಸೈನ್ಯವು ಈ ಊರನ್ನು ಹಾಳುಗೆಡವಿತು. ಆದರೂ ಇಲ್ಲಿಯ ಕಂಚುಗಾರಿಕೆಯು ನಾಶವಾಗಲಿಲ್ಲ. ಮೇಣದಿಂದ ಮೂರ್ತಿಯನ್ನು ತಿದ್ದಿ, ಅದರ ಮೇಲೆ ಮಣ್ಣನ್ನು ಮೆತ್ತಿ, ಕಾಸಿ ಮೇಣವನ್ನಿಳಿಸಿ, ಆ ಬರಿದಾದ ಅಚ್ಚಿಗೆ ಕರಗಿದ ಲೋಹವನ್ನು ಎರೆಯುವ ವಿದ್ಯೆಯಲ್ಲಿ ನಾಗಮಂಗಲದ ಕುಶಲಿಗಳು ಹೆಸರಾದವರು. ಉತ್ಸವಮೂರ್ತಿ, ದೀಪ, ಪ್ರಭಾವಳಿ, ಪೂಜೆಯ ಪಾತ್ರೆಗಳು ಇಲ್ಲಿಂದ ದೂರದ ದೇವಾಲಯಗಳಿಗೆ ಹೋಗುತ್ತ ಬಂದಿವೆ. ತಾಮ್ರವಾಗಲಿ ತವರವಾಗಲಿ ಈ ನೆಲದಲ್ಲಿ ಹುಟ್ಟಿದುದಲ್ಲ. ಹೊರಗಿನಿಂದ ಬಂದ ಲೋಹ, ಹೊರಗಿನ ಗಿರಾಕಿ, ನಡುವೆ ಇಲ್ಲಿಯ ಕೈ. ಕಸುಬು ಒಬ್ಬನೇ ಒಡೆಯನನ್ನು ನಂಬದೆ ಸಾವಿರ ದೇಗುಲಗಳಿಗೆ ಹಂಚಿಕೊಂಡಿದ್ದುದರಿಂದ, ಒಂದು ಸಿಂಹಾಸನವು ಉರುಳಿದರೂ ಕುಲುಮೆಯು ಆರಲಿಲ್ಲ. ಫಿರಂಗಿಯ ಎರಕವೂ ಮೂರ್ತಿಯ ಎರಕವೂ ಶಾಸ್ತ್ರದಲ್ಲಿ ಒಂದೇ ವಿಭಾಗಕ್ಕೆ ಸೇರಿದ್ದರೂ, ಅವುಗಳ ಗತಿಯು ಒಂದೇ ಆಗಲಿಲ್ಲ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯದೂ ಇಂಥದೇ ನಿದರ್ಶನ. ಬೆಟ್ಟದ ಮೇಲಿನ ಆ ಕ್ಷೇತ್ರದಲ್ಲಿ ನೇಯ್ಗೆಯೂ, ಲಾವಂಚದ ಬೇರಿನ ಬೀಸಣಿಗೆಯೂ, ನಾಮಕ್ಕೆ ಬೇಕಾದ ಬಿಳಿಯ ಮಣ್ಣೂ ವ್ಯಾಪಾರದ ಸರಕುಗಳಾಗಿದ್ದುವು. ಇವಕ್ಕೆ ಆಧಾರ ವೈರಮುಡಿಯ ಉತ್ಸವಕ್ಕೆ ಬರುವ ಯಾತ್ರಿಕರು. ಇಲ್ಲಿ ಸೇವೆಯೇ ಕೈಗಾರಿಕೆಯನ್ನು ಸಾಕಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಇದೇ ಕ್ರಮವು ಇನ್ನೊಂದು ರೀತಿಯಾಗಿ ಮುಂದುವರಿಯಿತು: ಮಠವನ್ನಾಶ್ರಯಿಸಿ ೧೯೮೦ರ ದಶಕದಲ್ಲಿ ವೈದ್ಯಕೀಯ ಕಾಲೇಜೂ, ೨೦೧೮ರಲ್ಲಿ ವಿಶ್ವವಿದ್ಯಾನಿಲಯವೂ ಏರ್ಪಟ್ಟು, ಕಾರ್ಖಾನೆಗಳಿಗೆ ಹೆಸರಾಗಿರದ ಸೀಮೆಯು ನೇರವಾಗಿ ಬೋಧನೆ ಚಿಕಿತ್ಸೆಗಳ ನೆಲೆಯಾಯಿತು. ನಡುವಣ ಮೆಟ್ಟಿಲನ್ನು ತುಳಿಯಲೇ ಇಲ್ಲವೆಂದರೂ ಸಲ್ಲುವುದು.

ಇನ್ನು ಕಬ್ಬಿನ ವಿಷಯ. ಬುಕಾನನನ ಕಾಲದಲ್ಲಿಯೇ ಮೈಸೂರು ಸೀಮೆಯಲ್ಲಿ ರಸದಾಳಿ, ಪಟ್ಟಾಪಟ್ಟಿ ಮೊದಲಾದ ಜಾತಿಗಳಿದ್ದುವು. ಗದ್ದೆಯ ಮೂಲೆಯ ಆಲೆಮನೆಯಲ್ಲಿ ಗಾಣ, ಕೊಪ್ಪರಿಗೆ, ಒಲೆ. ಒಕ್ಕಲಿನವರೇ ಕಡಿಯುವವರು, ಅರೆಯುವವರು, ಕಾಯಿಸುವವರು. ಬೆಳಗ್ಗೆ ಕಬ್ಬನ್ನು ಕಡಿಯುವಾಗ ಪ್ರಾಥಮಿಕ ವಿಭಾಗದಲ್ಲಿದ್ದವನು ಸಂಜೆ ಬೆಲ್ಲವನ್ನು ಅಚ್ಚಿಗೆ ಹೊಯ್ಯುವಾಗ ದ್ವಿತೀಯಕಕ್ಕೆ ಸೇರಿ, ಸಂತೆಯ ದಿನ ಗಾಡಿ ಹೊಡೆದುಕೊಂಡು ಹೋಗಿ ಮಾರುವಾಗ ತೃತೀಯಕದವನಾಗುತ್ತಿದ್ದನು. ೧೮೪೭ರಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಅಷ್ಟಗ್ರಾಮದ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾಯಿತು. ಅದು ಕಬ್ಬನ್ನು ಅರೆಯುತ್ತಿರಲಿಲ್ಲ. ರೈತರಿಂದ ಬೆಲ್ಲವನ್ನು ಕೊಂಡು ಶುದ್ಧಿಮಾಡಿ ಸಕ್ಕರೆಯನ್ನು ತೆಗೆಯುತ್ತಿತ್ತು. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಇಲ್ಲಿಯ ಸಕ್ಕರೆಗೆ ಪದಕವು ಬಂದಿತು. ಕೆಲವು ದಶಕಗಳ ಬಳಿಕ ಕಾರ್ಖಾನೆ ನಿಂತಿತು, ಆಲೆಮನೆಗಳು ನಿಲ್ಲಲಿಲ್ಲ.

ಕೃಷ್ಣರಾಜಸಾಗರವು ಈ ಸಂಬಂಧವನ್ನು ಬದಲಾಯಿಸಿತು. ಆ ಕಟ್ಟೆಯ ಉದ್ದೇಶವು ಕೇವಲ ಬೇಸಾಯವಲ್ಲವೆಂಬುದನ್ನು ಮರೆಯಬಾರದು. ೧೯೦೨ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿದ್ದಿತು. ಬೇಸಗೆಯಲ್ಲಿ ಹೊಳೆ ಇಳಿದಾಗಲೂ ಅದು ಕುಂದದಂತೆ ನೀರನ್ನು ಕೂಡಿಡುವುದು ಒಂದು ಉದ್ದೇಶ, ವಿಶ್ವೇಶ್ವರಯ್ಯನವರ ಯೋಜನೆಯ ನೀರಾವರಿಯು ಇನ್ನೊಂದು. ಇರ್ವಿನ್ ನಾಲೆಯು ಹುಲಿಕೆರೆಯ ಸುರಂಗವನ್ನು ತೂರಿ ೧೯೩೨ರಲ್ಲಿ ಹರಿದ ಮೇಲೆ ಸುಮಾರು ೧,೨೦,೦೦೦ ಎಕರೆಗೆ ನೀರುಣಿಸುವ ಸಂಕಲ್ಪವು ಕಾರ್ಯರೂಪಕ್ಕೆ ಬರತೊಡಗಿತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿಯು ೧೯೩೩ರಲ್ಲಿ ಸ್ಥಾಪಿತವಾಯಿತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯು ೧೯೫೦ರ ದಶಕದ್ದು. ಲೋಹವನ್ನು ನಾಗಮಂಗಲಕ್ಕೆ ಹೇರಿ ತರಬಹುದು. ಕಡಿದ ಕಬ್ಬನ್ನು ಬಹುದೂರ ಒಯ್ಯಲಾಗದು, ಒಂದೆರಡು ದಿನಗಳಲ್ಲಿಯೇ ಅದರ ರಸದ ಸಕ್ಕರೆಯಂಶವು ಇಳಿಯುತ್ತದೆ. ಆದುದರಿಂದ ಕಾರ್ಖಾನೆಯು ಗದ್ದೆಯ ಬಳಿಗೆ ಬರಲೇಬೇಕಾಯಿತು. ಬಂದ ಮೇಲೆ ಗದ್ದೆಯೇ ಕಾರ್ಖಾನೆಯ ಗಡಿಯಾರಕ್ಕೆ ಅಧೀನವಾಯಿತು: ಎಂದು ನಾಟಿ, ಎಂದು ಕಡಿತ ಎಂಬುದು ಅರೆಯುವ ಸರದಿಯನ್ನನುಸರಿಸಿ ನಿರ್ಧಾರವಾಗತೊಡಗಿತು. ಪಾಂಡವಪುರದ ಕಾರ್ಖಾನೆಯು ಕೆಲಕಾಲ ನಿಂತು ೨೦೨೦ರಲ್ಲಿ ನಲವತ್ತು ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈಸೇರಿತು. ಅರೆಯುವ ಯಂತ್ರವು ನಿಂತಾಗ ನಿಂತ ಪೈರಿನ ರೈತನಿಗೆ ಉಳಿಯುವ ದಾರಿ ದೂರದ ಕಾರ್ಖಾನೆ, ಇಲ್ಲವೆ ಹಳೆಯ ಆಲೆಮನೆ.

ಹೀಗೆ ಬೆರೆತುಹೋದ ವೃತ್ತಿಗಳನ್ನು ಎಣಿಸುವವರ ಕಷ್ಟವು ಸಣ್ಣದಲ್ಲ. ೧೯೧೧ರ ಜನಗಣತಿಯಲ್ಲಿ ಫ್ರೆಂಚ್ ಪಂಡಿತ ಬರ್ಟಿಲಾನನ ಕ್ರಮವನ್ನು ಅನುಸರಿಸಿ, ಕೈಗಾರಿಕೆ, ಸಾಗಾಣಿಕೆ, ವ್ಯಾಪಾರಗಳನ್ನು ಒಂದೇ ವರ್ಗದಲ್ಲಿ ಸೇರಿಸಿದ್ದರು. ಮನೆಗೆಲಸದವರು ಇತರೆಯವರ ಗುಂಪಿಗೆ ಹೋದರು. ೨೦೧೧ರಲ್ಲಿ ದುಡಿಯುವವರನ್ನು ನಾಲ್ಕೇ ಬಗೆಯಾಗಿ ವಿಂಗಡಿಸಿದರು: ಸಾಗುವಳಿದಾರರು, ಕೃಷಿಕಾರ್ಮಿಕರು, ಗೃಹಕೈಗಾರಿಕೆಯವರು, ಇತರರು. ಆ ‘ಇತರರು’ ಎಂಬ ಒಂದೇ ಮಾತಿನಲ್ಲಿ ಬೃಂದಾವನದ ತೋಟದ ಮಾಲಿ, ೧೯೪೦ರಿಂದ ರಕ್ಷಿತವಾದ ರಂಗನತಿಟ್ಟಿನ ದೋಣಿಯವನು, ಕಾಲೇಜಿನ ಅಧ್ಯಾಪಕ, ಸಕ್ಕರೆ ಕಾರ್ಖಾನೆಯ ಕಾರ್ಮಿಕ ಎಲ್ಲರೂ ಅಡಗುತ್ತಾರೆ. ಆಲೆಮನೆಯಲ್ಲಿ ಸಿಪ್ಪೆಯನ್ನು ಒಣಗಿಸುವ ಮನೆಯ ಹೆಂಗಸು ಯಾವ ಬಗೆಯಲ್ಲಿಯೂ ಸೇರದೆ ಉಳಿಯುವುದುಂಟು. ಕೂಲಿ, ಸಾಲ, ವಿಮೆ, ಪಿಂಚಣಿಗಳ ಏರ್ಪಾಡುಗಳು ಈ ಎಣಿಕೆಯನ್ನು ಅವಲಂಬಿಸುವುದರಿಂದ, ವಿಭಾಗವನ್ನು ಎಲ್ಲಿ ಗೀಟೆಳೆದು ಬೇರ್ಪಡಿಸುತ್ತಾರೆಂಬುದು ಪಂಡಿತರ ವಾದಕ್ಕೆ ಮಾತ್ರ ಸೇರಿದ ವಿಷಯವಲ್ಲ.

ಕೃಷ್ಣರಾಜಪೇಟೆಯ ವಿಷಯವು ಇದಕ್ಕೂ ತೊಡಕಾದುದು. ಮಂದಗೆರೆಯ ಅಣೆಕಟ್ಟೆಯ ಕೆಳಗೆ ಹೇಮಾವತಿಯ ನೀರು ಹರಿಯುವ ಗ್ರಾಮಗಳು ಒಂದು ಕಡೆ, ಎತ್ತರದ ಬೆದ್ದಲು ಗ್ರಾಮಗಳು ಇನ್ನೊಂದು ಕಡೆ. ಗೊರೂರಿನ ಜಲಾಶಯವು ಆದ ಬಳಿಕ ಹೇಮಾವತಿಯ ನಾಲೆಗಳು ಈ ತಾಲ್ಲೂಕಿಗೂ ನಾಗಮಂಗಲಕ್ಕೂ ಬಂದುವಾದರೂ, ನೀರು ಮುಟ್ಟದ ಊರುಗಳು ಉಳಿದುವು. ಅಲ್ಲಿಯ ಜನರು ದಶಕಗಳಿಂದ ಮುಂಬಯಿಗೆ ಹೋಗಿ ಸೇವಾವೃತ್ತಿಗಳಲ್ಲಿ ದುಡಿಯುತ್ತ ಊರಿಗೆ ಹಣವನ್ನು ಕಳುಹಿಸುತ್ತ ಬಂದರು. ಆ ದುಡಿಮೆಯು ಮಹಾರಾಷ್ಟ್ರದ ಲೆಕ್ಕದಲ್ಲಿ ತೃತೀಯಕ ವಿಭಾಗಕ್ಕೆ ಸೇರುತ್ತದೆ; ಅದರ ಹಣವು ಇಲ್ಲಿ ಕೊಳವೆಬಾವಿಯಾಗಿ, ತೆಂಗಿನ ಸಸಿಯಾಗಿ ಪ್ರಾಥಮಿಕ ವಿಭಾಗಕ್ಕೆ ಇಳಿಯುತ್ತದೆ. ೨೦೨೦ರ ಮೇ ತಿಂಗಳಲ್ಲಿ ಕೊರೋನಾ ಸೋಂಕಿನ ಕಾರಣ ಮುಂಬಯಿಯ ಕೆಲಸಗಳು ನಿಂತಾಗ ಮಂಡ್ಯ ಜಿಲ್ಲೆಗೆ ಮರಳಿದವರಲ್ಲಿ ಬಹುಮಂದಿ ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳವರೇ. ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಅವರನ್ನು ಪ್ರತ್ಯೇಕವಾಗಿಟ್ಟು, ಅವಧಿಯು ಮುಗಿದ ಮೇಲೆ ಊರುಗಳಿಗೆ ಕಳುಹಿ­ಸಿದರು. ಅದು ಮುಂಗಾರಿನ ಕಾಲ. ಹೊಲಗಳಲ್ಲಿ ಉಳುಮೆಯು ಆಗತಾನೆ ಪ್ರಾರಂಭವಾಗಿದ್ದಿತು.